ಸಮಾಧಾನ ಹೇಳಲು ಹೋದದ್ದು

ಮದುವೆಯಾಗಿ ಧಾರವಾಡದಿಂದ ಹೈದರಾಬಾದಿನ ತಾರ್ನಾಕಕ್ಕೆ ಬಂದಾಗ ನನಗೆ ಚೆನ್ನಾಗಿ ಬರುತ್ತಿದ್ದುದು ಒಂದೇ ವಿದ್ಯೆ, ಜಗಳ ಬಿಡಿಸುವುದು. ತವರಿನಲ್ಲಿ ಅಣ್ಣಂದಿರು ಬಾಯಿಗೆ ಬಾಯಿ ಕೊಟ್ಟು ನಿಂತರೆ ಅವ್ವ ನನ್ನನ್ನೇ ಕರೆಯುತ್ತಿದ್ದಳು: "ಬಾರವ್ವಾ, ಇವರಿಗೆ ಸಮಾಧಾನ ಹೇಳು." ಹೇಳುತ್ತಿದ್ದೆ. ಅವರೂ ಸುಮ್ಮನಾಗುತ್ತಿದ್ದರು. ಆ ಹೆಮ್ಮೆ ತಲೆಗೇರಿತ್ತು.

ನನ್ನ ತೆಲುಗಿಗೆ ಆಗ ಎರಡು ತಿಂಗಳ ವಯಸ್ಸು. ಕನ್ನಡ ಪದದ ಕೊನೆಗೊಂದು ಸೊನ್ನೆ ಅಂಟಿಸುವುದು ನನ್ನ ಪದ್ಧತಿ. ಪುಸ್ತಕ ಪುಸ್ತಕಂ ಆಯಿತು, ಕಷ್ಟ ಕಷ್ಟಂ ಆಯಿತು. ತರಕಾರಿಯವನು ನಗುತ್ತಿದ್ದನಾದರೂ ಬದನೆಕಾಯಿ ಕೊಡುತ್ತಿದ್ದ. ಹೈದರಾಬಾದಿನಲ್ಲೇ ಹಣ್ಣಾದ ನನ್ನ ಅತ್ತೆ ಮಾತ್ರ, "ಭಾಷಾ ಅಂದ್ರ ಅಷ್ಟು ಹಗುರ ಅಲ್ಲವ್ವಾ" ಎನ್ನುತ್ತಿದ್ದರು.

ಬೇಸಿಗೆಯ ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಗದ್ದಲವೆದ್ದಿತು. ಮನೆಯ ಮಾಲಕಿ ಉಪ್ಪಿನಕಾಯಿಗೆಂದು ಬಿಳಿ ಪಂಚೆಯ ಮೇಲೆ ಮಾವಿನ ಹೋಳು ಒಣಹಾಕಿದ್ದರು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜಿನ ಮೇಷ್ಟ್ರು ಪಕ್ಕದಲ್ಲೇ ನಿಂತು ತಮ್ಮ ಹಾಸಿಗೆಯನ್ನು ಕೋಲಿನಿಂದ ಬಡಿದಿದ್ದರು. ಹೋಳುಗಳಿಗೆಲ್ಲ ಧೂಳು, ಹತ್ತಿ.

"ಅತ್ತಿ, ನಾ ಹೋಗಿ ಸಮಾಧಾನ ಹೇಳಿ ಬರ್ತೀನ್ರಿ."

"ಏನಂತ ಹೇಳ್ತಿ?" ಎಂದು ಅತ್ತೆ ಕೇಳುವಷ್ಟರಲ್ಲಿ ನಾನು ಮೆಟ್ಟಿಲ ಮೇಲಿದ್ದೆ.

ಮೇಲೆ ಹೋದವಳೇ ಮಾಲಕಿಯ ಮುಂದೆ ನಿಂತು, ಆದಷ್ಟು ಮೆತ್ತಗೆ, "ಸಮಾಧಾನಂ ಚೆಪ್ಪಂಡಿ ಅಮ್ಮಾ" ಎಂದೆ. ಚೆಪ್ಪಂಡಿ ಎಂದರೆ 'ಹೇಳಿ' ಎಂದಷ್ಟೇ ನನಗೆ ಗೊತ್ತು; ಸಮಾಧಾನ ಮಾಡಿಕೊಳ್ಳಿ ಎಂಬುದು ನನ್ನ ಭಾವ. ಅವರ ಹುಬ್ಬು ಮೇಲೇರಿತು. "ನೇನು ಸಮಾಧಾನಂ ಚೆಪ್ಪಾಲಾ?" ನಾನು ಹೇಳಬೇಕಾ, ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಪಾಪ, ಸಿಟ್ಟು ಇನ್ನೂ ಇಳಿದಿಲ್ಲವೆಂದುಕೊಂಡು ಮೇಷ್ಟ್ರ ಕಡೆ ತಿರುಗಿದೆ. "ಮೀರು ಸಮಾಧಾನಂ ಚೆಪ್ಪಂಡಿ ಸಾರ್." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಹೇಳಿದೆ.

ಆಮೇಲಿನ ತೆಲುಗು ನನ್ನ ಸೊನ್ನೆಗೆ ಸಿಕ್ಕುವಂಥದ್ದಾಗಿರಲಿಲ್ಲ. ತಿಳಿದದ್ದಿಷ್ಟೇ: ಇಬ್ಬರೂ ಈಗ ಒಬ್ಬರನ್ನೊಬ್ಬರು ಬೈಯುತ್ತಿರಲಿಲ್ಲ, ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು. ಮಾಲಕಿ ಒಂದು ಮಾತು ಆಡಿದರೆ ಮೇಷ್ಟ್ರು ಹೌದೆಂದು ತಲೆಯಾಡಿಸುತ್ತಿದ್ದರು. ನನ್ನ ಕಣ್ಣು ತುಂಬಿಬಂತು.

ಅಷ್ಟರಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಅವರಿಬ್ಬರಿಗೂ ತೆಲುಗಿನಲ್ಲಿ ಏನೋ ಹೇಳಿದರು. ಮೊದಲು ನಕ್ಕವರು ಮೇಷ್ಟ್ರು. ಮಾಲಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಏನಾತ್ರೀ ಅತ್ತಿ?"

"ತೆಲುಗಿನಾಗ ಸಮಾಧಾನಂ ಅಂದ್ರ ಉತ್ತರ ಅಂತವ್ವಾ. ಸಮಾಧಾನ ಹೇಳಾಕ ಬಂದಾಕಿ, ಪೊಲೀಸರಂಗ ಇಬ್ಬರಿಗೂ 'ಉತ್ತರ ಹೇಳ್ರಿ' ಅಂತ ಜಬರಿಸಿದಿ!"

"ಮತ್ತ ನಮ್ಮ ಸಮಾಧಾನಕ್ಕ ಏನನ್ನಬೇಕ್ರಿ?"

"ಪೋನೀಲೆಂಡಿ ಅನ್ನು. ಹೋಗ್ಲಿ ಬಿಡ್ರಿ ಅಂತ. ಬಿಡೋದು ಬಿಟ್ಟು ಬ್ಯಾರೆ ಏನೈತಿ ಅದರಾಗ?"

ಸಂಜೆ ಚಹಾ ಕುಡಿಯುವಾಗ ಗಂಡನನ್ನು ತರಾಟೆಗೆ ತೆಗೆದುಕೊಂಡೆ. ಈ ಊರಲ್ಲೇ ಹುಟ್ಟಿ ಬೆಳೆದವರು ಇಷ್ಟನ್ನಾದರೂ ನನಗೆ ಯಾಕೆ ಹೇಳಿಕೊಡಲಿಲ್ಲ? ಅವರು ನನ್ನ ಬೆನ್ನು ಸವರಿ, ಇನ್ನೊಂದು ಬಿಸ್ಕತ್ತು ಕೊಟ್ಟರು. ನನಗೆ ಬೇಕಿದ್ದುದು ತೆಲುಗಿನ ಸಮಾಧಾನ, ಅವರು ಕೊಟ್ಟದ್ದು ಕನ್ನಡದ್ದು.

ಮರುದಿನ ಮಾಲಕಿ ಹೊಸದಾಗಿ ಮಾವಿನಕಾಯಿ ತರಿಸಿ ನನ್ನನ್ನೂ ಮೇಷ್ಟ್ರ ಹೆಂಡತಿಯನ್ನೂ ಹೆಚ್ಚಲು ಕರೆದರು. ಅವರಿಬ್ಬರು ಎಣ್ಣೆ ಎಷ್ಟು ಹಾಕಬೇಕೆಂದು ಆಗಲೇ ದನಿ ಏರಿಸಿದ್ದರು. ನಾನು ತಲೆ ತಗ್ಗಿಸಿ ಗೊರಟ ತೆಗೆಯುತ್ತ ಕೂತೆ.