ಅತ್ತೆಯ ಹೆಬ್ಬೆಟ್ಟು

ಇದು ನಡೆದದ್ದು ಹೋದ ವರ್ಷ, ಗಣೇಶ ಚೌತಿ ಮುಗಿದ ಮೇಲೆ. ನಾವಿರುವುದು ಗೋವಾದಲ್ಲಿ, ಝುವಾರಿನಗರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬೇಡ, ಅಲ್ಲಿ ನಾನಿನ್ನೂ ಬಾಳಬೇಕು. ಮುದ್ದೇಬಿಹಾಳದ ಕಡೆಯಿಂದ ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ಯಜಮಾನರದು ಗವಂಡಿ ಕೆಲಸ. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಸಾಂಕೋಲೆಯ ಫ್ಯಾಕ್ಟರಿಗಳಿಗೆ ಹೋಗುವ ನಮ್ಮ ಕಡೆಯ ಕೆಲಸಗಾರರ ಖೋಲಿಗಳಿಗೆ ಕೊಡುತ್ತೇನೆ.

ನಮ್ಮ ಓಣಿ ಒಂದು ಗುಡ್ಡದ ಬುಡದಲ್ಲಿದೆ. ಓಣಿಯ ಕೊನೆಗೆ ಕಲ್ಲಿನ ಸಂದಿಯಿಂದ ಝರಿ ಹರಿಯುತ್ತದೆ. ನಳದಲ್ಲಿ ನೀರು ಬಾರದ ದಿನ ಎಲ್ಲರಿಗೂ ಅದೇ ಗತಿ. ನಾವೂ ಅಲ್ಲೇ ಕೊಡ ತುಂಬುತ್ತೇವೆ, ಗೋವಾದವರೂ ಅಲ್ಲೇ ತುಂಬುತ್ತಾರೆ. ಆದರೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಹೋಗುತ್ತೇವೆ. ಹಾಗೆಂದು ಯಾರೂ ಹೇಳಿದ್ದಲ್ಲ, ಮೊದಲಿಂದಲೂ ಹಾಗೇ ನಡೆದುಬಂದಿದೆ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ಟೀಚರ್ ಬಂದು ನಿಂತರು. ಶಾಲೆಯಿಂದ ನಿವೃತ್ತರಾದ ಗೋವಾದ ಹೆಂಗಸು. ಬಿಳಿ ಕೂದಲು, ಉದ್ದ ಲಂಗ, ಕೈಯಲ್ಲಿ ಛತ್ರಿ. ಊರಲ್ಲಿ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುತ್ತಾರೆ. ಹಿಂದಿಗೆ ಕೊಂಕಣಿ ಬೆರೆಸಿ ಮಾತಾಡಿದರು.

"ಗುಡ್ಡ ಕಡಿದು ಮೇಲೆ ಬಂಗಲೆ ಕಟ್ಟುತ್ತಾರಂತೆ. ಗುಡ್ಡ ಹೋದರೆ ಝರಿಯೂ ಹೋಗುತ್ತದೆ. ಬೇಡ ಅಂತ ಪಂಚಾಯತಿಗೆ ಬರೆದುಕೊಡುತ್ತಿದ್ದೇವೆ. ನೀವೂ ಸಹಿ ಮಾಡಿ."

ಕಾಗದ ನೋಡಿದೆ. ಪೂರ್ತಿ ಇಂಗ್ಲಿಷ್. ನನಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬಾರದು. "ಯಜಮಾನ್ರು ಮನ್ಯಾಗ ಇಲ್ರಿ" ಎಂದು ಹೇಳಿ ಕಳಿಸಿಬಿಟ್ಟೆ.

ಅದಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ ಗ್ರಾಮಸಭೆಯಲ್ಲಿ ಇದೇ ಟೀಚರ್ ಮೈಕ್ ಹಿಡಿದು, ಹೊರಗಿನವರ ಹೆಸರುಗಳನ್ನು ವೋಟಿನ ಪಟ್ಟಿಯಿಂದ ತೆಗೆಯಿರಿ ಎಂದಿದ್ದರು. ನನ್ನ ಗಂಡ ಅಲ್ಲಿದ್ದು ಕಿವಿಯಾರೆ ಕೇಳಿ ಬಂದಿದ್ದರು. ಸಂಜೆ ವಿಷಯ ಹೇಳಿದಾಗ ಅವರು ಸಿಟ್ಟಾದರು.

"ಆಕಿ ಕೈಯಾಗ ಹೆಸರು ಕೊಟ್ರ ಮುಗೀತು. ಗುಡ್ಡ ಪಡ್ಡ ಎಲ್ಲಾ ನೆವ. ನಮ್ಮನ್ನ ಇಲ್ಲಿಂದ ಎಬ್ಬಸಾಕ ಹಾಕಿದ ಆಟ ಇದು."

ವಾರ ಬಿಟ್ಟು ಟೀಚರ್ ಮತ್ತೆ ಬಂದರು. ಕೈ ಹಿಟ್ಟಾಗಿದೆ ಎಂದು ನಾನು ಒಳಗೇ ಉಳಿದೆ. ಕಿಟಕಿಯಿಂದ ನೋಡಿದರೆ ಅವರು ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ನೋಡುತ್ತ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ನಮ್ಮ ಖೋಲಿಗಳ ಕಾಗದಪತ್ರ ಯಾವುದೂ ಸರಿಯಿಲ್ಲ. ಅವನ್ನು ಒಡೆಸಲಿಕ್ಕೇ ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡೆ.

ಅದೇ ವಾರ ಮಲ್ಲೇಶಣ್ಣ ಬಂದ. ಅವನು ನಮ್ಮ ತಾಲೂಕಿನವನೇ, ನನ್ನ ಗಂಡನಿಗೆ ಕೆಲಸ ಕೊಡುವ ಮುಕಾದಮ. ಕೂತು ಚಹಾ ಕುಡಿದ.

"ತಂಗಿ, ಈ ಓಣಿಗೆ ದಿನಾ ನೀರು ಬರೂಹಂಗ ಹೊಸಾ ನಳ ಹಾಕ್ಸಾಕತ್ತೀನಿ. ಮನಿಮಂದಿ ಎಲ್ಲಾರ ವೋಟಿನ ಕಾರ್ಡು ಕೊಡು, ಝೆರಾಕ್ಸ್ ಮಾಡಿಸಿ ಸಂಜೀಕ ತಂದುಕೊಡ್ತೀನಿ."

ಟ್ರಂಕಿನಿಂದ ಕಾರ್ಡುಗಳ ಕಟ್ಟು ತೆಗೆದು, ರಬ್ಬರ್ ಕೂಡ ಬಿಚ್ಚದೆ ಕೊಟ್ಟೆ. ಮಾತಿನಂತೆ ಸಂಜೆಗೆ ತಂದೂ ಕೊಟ್ಟ. ಓಣಿಯಲ್ಲಿ ಎಲ್ಲರೂ ಕೊಟ್ಟರು. ನಮ್ಮವನು, ನಮ್ಮ ಭಾಷೆ ಆಡುವವನು. ಅವನ ಮೇಲೆ ಅನುಮಾನ ಪಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಟೀಚರ್ ಮೂರನೆಯ ಸಲ ಬಂದಾಗ ಮಳೆ ಹನಿಯುತ್ತಿತ್ತು. ಒಳಗೆ ಬನ್ನಿ ಎನ್ನಲಿಲ್ಲ. ಅವರು ಛತ್ರಿಯ ಕೆಳಗೇ ನಿಂತು ಒಂದು ಝೆರಾಕ್ಸ್ ಹಾಳೆ ತೋರಿಸಿದರು. ಗುಡ್ಡ ಕಡಿಯಲು ನಮ್ಮ ಅಭ್ಯಂತರವಿಲ್ಲ ಎಂದು ನಮ್ಮ ಓಣಿಯವರೇ ಬರೆದುಕೊಟ್ಟಿದ್ದೇವಂತೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಬೇಡಿದ್ದಕ್ಕೆ ಸಿಕ್ಕಿದ್ದು ಇದೊಂದೇ ಹಾಳೆ, ಉಳಿದವನ್ನು ಕೊಟ್ಟಿಲ್ಲ ಎಂದರು. ಬೆರಳಿಟ್ಟು ತೋರಿಸಿದರು: "ಇದು ನಿಮ್ಮ ಹೆಸರು. ಮುಂದೆ ನಿಮ್ಮ ಸಹಿ."

ಸಹಿ ಇಂಗ್ಲಿಷಿನಲ್ಲಿತ್ತು.

"ಇದು ನಂದಲ್ಲ" ಎಂದೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಇದನ್ನು ಈ ಹೆಂಗಸೇ ಬರೆದು ತಂದಿದ್ದರೆ? ನನ್ನನ್ನು ಹೆದರಿಸಿ ತನ್ನ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು? ಬಾಯಿ ತಡೆಯಲಾಗಲಿಲ್ಲ. ನನಗೆ ಬರುವ ಹಿಂದಿಯಲ್ಲೇ ಕೇಳಿಬಿಟ್ಟೆ. ನಮ್ಮ ಹೆಸರು ಪಟ್ಟಿಯಿಂದ ತೆಗೆಯಿರಿ ಅಂದವರು ನೀವೇ ಅಲ್ಲವೇ, ಈಗ ಅದೇ ಹೆಸರು ನಿಮಗೆ ಬೇಕಾಯಿತೇ ಎಂದು.

ಅವರ ಮುಖ ಕೆಂಪಾಯಿತು. ಹಾಳೆಯನ್ನು ಮಡಚಿಕೊಂಡು ಹೇಳಿದರು. "ಹೌದು, ನಾನೇ ಅಂದಿದ್ದು. ಆಗ ನಿಮ್ಮಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ. ನನ್ನನ್ನು ನಂಬಬೇಡಿ. ಭಾನುವಾರ ಗ್ರಾಮಸಭೆಗೆ ಬನ್ನಿ. ಅಸಲು ಕಾಗದ ಅಲ್ಲಿರುತ್ತದೆ. ಕೇಳಿ ನೋಡಿ."

ಅವರು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನನ್ನ ಅನುಮಾನ ಇನ್ನೂ ಹೆಚ್ಚುತ್ತಿತ್ತು.

ಮರುದಿನ ಮಲ್ಲೇಶಣ್ಣನನ್ನು ಕಂಡು ನಳದ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ. ಅವನು ನಗಲಿಲ್ಲ, ಕೂರು ಎನ್ನಲಿಲ್ಲ.

"ಆ ಟೀಚರ್ ಬಂದಿದ್ಲಂತ ನಿನ್ನ ಮನಿಗೆ?"

"ಬಂದಿದ್ರು. ನಾ ಕೇಳಿದ್ದು ನಳದ ಮಾತು ಅಣ್ಣಾ."

"ನಿಮ್ಮ ಖೋಲಿ ಯಾರ ಜಾಗದಾಗ ಐತಿ, ನಿನ್ನ ಗಂಡಗ ಕೆಲಸ ಯಾರು ಕೊಡ್ತಾರ, ನೆನಪಿಟ್ಟು ಮಾತಾಡವ್ವಾ. ಐತವಾರ ಮನ್ಯಾಗ ರೊಟ್ಟಿ ಬಡಿ, ಚಲೋ ಇರತೈತಿ."

ನಾನು ಸಭೆಯ ವಿಷಯ ಎತ್ತಿಯೇ ಇರಲಿಲ್ಲ. ಭಾನುವಾರದ ಮಾತನ್ನು ಅವನೇ ತೆಗೆದಿದ್ದ. ಅಲ್ಲಿಂದ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯಿತು. ಗಂಡನಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಹೋಗಿ ಹಿಂದ ಕುಂದರು. ಮಾತಾಡಬ್ಯಾಡ. ಬರೇ ಕೇಳಿ ಬಾ" ಎಂದರು.

ಭಾನುವಾರ ಪಂಚಾಯತಿ ಹಾಲಿನಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೆ. ಯಾರನ್ನು ನಂಬಬೇಕೋ ಇನ್ನೂ ತಿಳಿದಿರಲಿಲ್ಲ. ಮಲ್ಲೇಶಣ್ಣ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಎಲ್ಲ ಮಾತೂ ಕೊಂಕಣಿಯಲ್ಲಿ ನಡೆಯಿತು. ಇಷ್ಟು ವರ್ಷದಲ್ಲಿ ಅದು ನನಗೆ ತಿಳಿಯುತ್ತದೆ, ಆಡಲು ಮಾತ್ರ ನಾಲಿಗೆ ಹೊರಳದು. ಗುಡ್ಡದ ವಿಷಯ ಬಂದಾಗ ಟೀಚರ್ ಎದ್ದು ವಿರೋಧಿಸಿದರು. ಸೆಕ್ರೆಟರಿ ಫೈಲು ತೆರೆದು, ಗುಡ್ಡದ ಬುಡದಲ್ಲಿ ವಾಸಿಸುವವರೇ ಒಪ್ಪಿದ್ದಾರೆ, ಸಹಿ ಇವೆ ಎಂದು ಎತ್ತಿ ತೋರಿಸಿದ.

ಹೇಗೆ ಎದ್ದು ನಿಂತೆನೋ ಗೊತ್ತಿಲ್ಲ. "ನನಗ ಆ ಕಾಗದ ತೋರಿಸ್ರಿ" ಎಂದೆ. ಗಾಬರಿಯಲ್ಲಿ ಕನ್ನಡವೇ ಬಂತು. ಆಮೇಲೆ ಹಿಂದಿಯಲ್ಲಿ ಹೇಳಿದೆ. ಮುಂದಿನ ಸಾಲಿನಿಂದ ಯಾರೋ "ಏ ಘಾಟಿ, ಬಸ್!" ಎಂದು ಕೂಗಿದರು. ಘಟ್ಟದ ಮೇಲಿಂದ ಬಂದ ನಮ್ಮನ್ನು ಹೀಯಾಳಿಸುವ ಮಾತು ಅದು. ಕೆಲವರು ನಕ್ಕರು. ನಾನು ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದೆ.

ಟೀಚರ್ ತಿರುಗಿ ನೋಡಿ ಕೊಂಕಣಿಯಲ್ಲಿ ಅಂದರು: "ಆಕೆ ಈ ಊರಿನ ಮತದಾರಳು. ಕೇಳುವ ಹಕ್ಕಿದೆ." ಮೈಕನ್ನು ಹಿಂದೆ ಕಳಿಸಿ, "ಭಿಯೆನಾಕಾ, ಉಲಯ್" ಎಂದರು. ಹೆದರಬೇಡ, ಮಾತಾಡು ಎಂದು.

ಫೈಲು ಕೈಗೆ ಬಂತು. ಮೊದಲ ಹಾಳೆ ಟೀಚರ್ ತೋರಿಸಿದ್ದೇ. ಸುಳ್ಳು ಅವರದಲ್ಲ ಎಂದು ಆಗ ಖಾತ್ರಿಯಾಯಿತು. ಹಾಳೆ ತಿರುವಿದೆ. ಅಕ್ಷರ ಓದಲು ಬಾರದಿದ್ದರೂ ಕಾಗದಕ್ಕೆ ಜೋಡಿಸಿದ್ದ ಕಾರ್ಡಿನ ಝೆರಾಕ್ಸಿನಲ್ಲಿ ಫೋಟೋ ಗುರುತಾಯಿತು. ನನ್ನ ಅತ್ತೆ. ಅವರ ಹೆಸರಿನ ಮುಂದೆ ನೀಲಿ ಮಸಿಯಲ್ಲಿ ಒಂದು ಹೆಬ್ಬೆಟ್ಟು.

ನನ್ನ ಅತ್ತೆ ಬದುಕಿದ್ದಾಗ ಯಾರಿಗೂ ಸುಮ್ಮನೆ ಹೆಬ್ಬೆಟ್ಟು ಒತ್ತಿದವರಲ್ಲ. ರೇಷನ್ ಅಂಗಡಿಯಲ್ಲೂ ಎರಡು ಸಲ ಓದಿಸಿಕೊಂಡೇ ಬೆರಳು ಕೊಡುತ್ತಿದ್ದರು. ಅವರ ಕಾರ್ಡು ಆ ಕಟ್ಟಿನಲ್ಲೇ ಇತ್ತೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಹೆದರಿಕೆ ಎಲ್ಲಿ ಹೋಯಿತೋ.

"ಇವರು ನಮ್ಮ ಅತ್ತಿ. ತೀರಿಕೊಂಡು ಎರಡು ವರ್ಷ ಆತ್ರಿ. ಇಲ್ಲೇ ಮಣ್ಣು ಮಾಡೇವಿ. ಈ ಬಟ್ಟು ಎಲ್ಲಿಂದ ಬಂತು? ಹೇಳ್ರಿ, ಯಾರ ಬಟ್ಟು ಇದು?"

ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದೆ, ನಳ ಹಾಕಿಸುವ ನೆವದಲ್ಲಿ ನಮ್ಮ ಕಾರ್ಡುಗಳನ್ನು ಒಯ್ದದ್ದನ್ನೂ ಸೇರಿಸಿ. ಆಮೇಲೆ ಗದ್ದಲವೋ ಗದ್ದಲ. ಹಾಗೆ ಕಾರ್ಡು ಒಯ್ದವರು ಯಾರು ಎಂದು ಸರಪಂಚರು ಕೇಳಿದಾಗ ಬಾಗಿಲ ಕಡೆ ನೋಡಿದೆ. ಮಲ್ಲೇಶಣ್ಣ ಅಲ್ಲಿರಲಿಲ್ಲ. ಒಪ್ಪಿಗೆಯ ಕಾಗದವನ್ನು ಬದಿಗಿಟ್ಟು, ಗುಡ್ಡವನ್ನು ಸ್ಥಳಕ್ಕೆ ಹೋಗಿ ನೋಡುವವರೆಗೆ ಯಾವ ಪರವಾನಗಿಯೂ ಇಲ್ಲ ಎಂದು ಅವತ್ತು ಠರಾವು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಹಿಂದಿಯಲ್ಲಿ ಅರ್ಥ ಹೇಳಿಸಿಕೊಂಡು, ಆಮೇಲೆ ಟೀಚರ್ ತಂದಿದ್ದ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದೆ. ಹಾಕುವ ಮುಂಚೆ ಅದನ್ನೂ ಪೂರ್ತಿ ಓದಿಸಿಕೊಂಡೆ. ನೋಟ್‌ಬುಕ್ಕಿನಲ್ಲಿ ಅವತ್ತು ಏನು ಬರೆದಿರಿ ಎಂದೂ ಟೀಚರನ್ನು ಕೇಳಿದೆ. ಸಹಿ ಸಿಗದ ಮನೆಗಳ ಗುರುತು, ಮತ್ತೆ ಬರಬೇಕಲ್ಲ ಎಂದರು.

ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಮಾತಾಡಬೇಡ ಅಂದಿದ್ದ ಗಂಡ ಬೈಯಲಿಲ್ಲ. "ಅವ್ವನ ಬಟ್ಟು ಅಂದ್ರ..." ಎಂದವರು ಎದ್ದು ಹೊರಗೆ ಹೋಗಿ ಕೂತರು.

ಅದರ ಫಲ ನಾವು ಉಂಡೆವು. ಮರುದಿನವೇ ಮಲ್ಲೇಶಣ್ಣ ನನ್ನ ಗಂಡನಿಗೆ ಕೆಲಸ ನಿಲ್ಲಿಸಿದ. ಬಂಗಲೆ ಕಟ್ಟುವ ಕೆಲಸ ಹಿಡಿದಿದ್ದವನೂ ಅವನೇ ಎಂದು ಆಮೇಲೆ ತಿಳಿಯಿತು. ಎಷ್ಟೋ ದಿನ ಅವರು ಮೊದಲ ಬಸ್ಸು ಹಿಡಿದು ದೂರದ ಮ್ಹಾಪಸಾದವರೆಗೆ ಕೆಲಸಕ್ಕೆ ಹೋಗಿಬಂದರು. ಖೋಲಿ ಬಿಡಿಸುತ್ತಾರೆಂಬ ಭಯ ಈಗಲೂ ಹೋಗಿಲ್ಲ. ಅದಕ್ಕಿಂತ ನೋವಾದದ್ದು ಓಣಿಯವರ ಮಾತು. ಝರಿಗೆ ಹೋದರೆ ನಮ್ಮ ಹೆಂಗಸರೇ ಮಾತು ನಿಲ್ಲಿಸುತ್ತಿದ್ದರು. "ಟೀಚರ್ ಏನ ಆಸೆ ತೋರಿಸ್ಯಾಳೋ ಇಕಿಗೆ" ಎಂದು ಹಿಂದಿನಿಂದ ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಲ್ಲಿಸಿ ಕಳಿಸಿದಾಗ ಟೀಚರಿಗೆ ಹೇಗಾಗಿರಬೇಕು ಎಂದು ನನಗೆ ಆಗ ತಿಳಿಯಿತು. ಅವರೂ ನಾನೂ ಗೆಳತಿಯರೇನೂ ಆಗಿಲ್ಲ. ಎದುರಾದರೆ ನಿಂತು ನಾಲ್ಕು ಮಾತಾಡುತ್ತೇವೆ, ಅಷ್ಟೇ.

ಗುಡ್ಡ ಸದ್ಯಕ್ಕೆ ಉಳಿದಿದೆ. ನಾಳೆ ಇನ್ನಾವ ಕಾಗದ ಬರುತ್ತದೋ ಗೊತ್ತಿಲ್ಲ. ಆದರೆ ಮುಂದಿನ ಗ್ರಾಮಸಭೆಗೆ ನಾನು ಹೊರಟಾಗ, ಕರೆಯದಿದ್ದರೂ ನಮ್ಮ ಓಣಿಯ ಹನ್ನೊಂದು ಹೆಂಗಸರು ಹಿಂದೆ ಬಂದರು. ನನ್ನ ಮೇಲಿನ ನಂಬಿಕೆಯಿಂದ ಬಂದವರಲ್ಲ. ಬಾಗಿಲಲ್ಲೇ ಸೆಕ್ರೆಟರಿಯನ್ನು ತಡೆದು, "ನಮ್ಮ ಹೆಸರು ಎಲ್ಲೆಲ್ಲಿ ಬರಕೊಂಡೀರಿ, ಮೊದಲ ಅದನ್ನ ತೋರಿಸ್ರಿ" ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ನನ್ನನ್ನೂ ಅದೇ ಅನುಮಾನದ ಕಣ್ಣಿನಿಂದ ನೋಡಿದರು. ಇನ್ನು ಯಾರನ್ನೂ ಸುಮ್ಮನೆ ನಂಬಿ ಕಾರ್ಡು ಕೊಡುವವರಲ್ಲ ಇವರು ಎಂದು ಆ ದಿನ ನನಗಾದ ಸಮಾಧಾನ ಇವತ್ತಿಗೂ ಹಾಗೇ ಇದೆ.