ಬುಚ್ಚಮ್ಮ ಹೊಳೆ ದಾಟಿದ ದಿನ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಬುಚ್ಚಮ್ಮನ ಮನೆ ಯಾವುದೆಂದು ಕೇಳಿ ನೋಡಿ. ಮಗ್ಗದ ಸದ್ದು ಹಿಡಿದು ಹೋಗಿ ಎಂದು ಯಾರೂ ಹೇಳುವುದಿಲ್ಲ. ಮಗ್ಗ ಸದ್ದು ಮಾಡದ ಮನೆ ಆ ಓಣಿಯಲ್ಲಿ ಎಲ್ಲಿದೆ? "ಬಾಗಲ ಮುಂದ ಬಿಳಿ ಕಾರು ನಿಂತೈತಲ್ಲ, ಅದ ನೋಡ್ರಿ" ಎನ್ನುತ್ತಾರೆ. ಕಾರು ಗಂಡ ನರಸಿಂಹುಲುವಿನದಿರಬೇಕು ಎಂದುಕೊಂಡು ಒಳಗೆ ಹೋದವರಿಗೆ ಅವನು ಮಗ್ಗದ ಗುಂಡಿಯಿಂದಲೇ ತಲೆಯೆತ್ತಿ, "ಮಗ್ಗ ನಂದು, ಕಾರು ಆಕಿದು. ಯಾವುದು ಬೇಕು ಹೇಳ್ರಿ" ಎಂದು ನಗುತ್ತಾನೆ.

ಬುಚ್ಚಮ್ಮ ಹುಟ್ಟಿದ್ದು ಗದ್ವಾಲದಲ್ಲಿ, ನೇಯುವವರ ಮನೆಯಲ್ಲೇ. ಮದುವೆಯಾಗಿ ಬಂದ ಮೇಲೂ ಗಂಡನ ಪಕ್ಕದ ಮಗ್ಗದಲ್ಲಿ ಕೂತು ಕಾಲ್ಮಣೆ ತುಳಿದವಳು. ನೇಯ್ದ ಸೀರೆಗಳನ್ನು ರಾಯಚೂರಿನ ಅಂಗಡಿಗೆ ಒಯ್ಯಲು ಬಾಡಿಗೆ ಜೀಪು ಹೇಳಿದರೆ, ಅದರ ಡ್ರೈವರ್ ಎಂದಾದರೂ ಹೇಳಿದ ಹೊತ್ತಿಗೆ ಬಂದವನಲ್ಲ. ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕಾದೂ ಕಾದೂ ಒಂದು ದಿನ ಆಕೆಯ ತಲೆ ಕೆಟ್ಟಿತು. "ಎಡಗಾಲು ಬಲಗಾಲು ತಿರುಗಿ ತಿರುಗಿ ತುಳಿಯಾದು, ಕೈ ಆಡಸಾದು, ಕಣ್ಣು ಮುಂದ ಇಡಾದು. ಡ್ರೈವಿಂಗ್ ಅಂದ್ರ ಇಷ್ಟ ಅಲ್ಲೇನು? ಇದನ್ನ ನಾ ಹುಟ್ಟಿದಾಗಿಂದ ಮಾಡಾಕತ್ತೀನಿ" ಎಂದಳು. ಓಣಿಯವರು ಮೂಗು ಮುರಿದರು. ನರಸಿಂಹುಲು ಮಾತ್ರ, "ಆಕಿ ಮಾಡ್ತೀನಿ ಅಂದ್ರ ಮಾಡ್ತಾಳ, ನೀವು ಸುಮ್ಮನ ದಾರಿ ಬಿಡ್ರಿ" ಎಂದ. ಹಾಗೆ ಕೊಂಡದ್ದು ಒಂದು ಹಳೇ ಜೀಪು. ಮೊದಲು ಸೀರೆ ಸಾಗಿಸಿದಳು, ಆಮೇಲೆ ಜನರನ್ನು.

ಜನ ಎಂದರೆ ವಿಮಾನದಲ್ಲಿ ಬರುವ ಜನ. ಮುಂಬೈ, ಪುಣೆಯ ಕಡೆಯಿಂದ ಶಂಶಾಬಾದಿಗೆ ಇಳಿದು, ಕೃಷ್ಣೆಯ ನಡುಗಡ್ಡೆ ಕುರುವಪುರದ ದತ್ತನ ಗುಡಿಗೆ ಹೋಗುವವರು. ಅವರನ್ನು ವಿಮಾನ ನಿಲ್ದಾಣದಿಂದ ಮಹಬೂಬನಗರ, ಮಕ್ತಲ್ ದಾಟಿಸಿ ಪಂಚದೇವಪಹಾಡದ ಹೊಳೆದಂಡೆಯ ಘಾಟಿಗೆ ತಂದು ಬಿಡುವುದು, ದರ್ಶನ ಮುಗಿಸಿ ಬಂದವರನ್ನು ಮತ್ತೆ ವಿಮಾನಕ್ಕೆ ಮುಟ್ಟಿಸುವುದು ಬುಚ್ಚಮ್ಮನ ಕೆಲಸ. ಘಾಟು ತೆಲಂಗಾಣದ್ದು, ಗಡ್ಡೆ ಕರ್ನಾಟಕದ್ದು. ಗಡಿ ಎಲ್ಲೋ ನಡುನೀರಿನಲ್ಲಿದೆ. ಅದನ್ನು ದಾಟಿಸುವ ಕೆಲಸ ದೋಣಿಯ ತಾಯಪ್ಪನದು. ಅವನ ಮನೆ ಗಡ್ಡೆಯಲ್ಲೇ.

ಈ ಇಬ್ಬರ ನಡುವೆ ಒಂದು ರಿವಾಜು ಇತ್ತು. ಈಚೆ ಘಾಟಿನಲ್ಲಿ ನೆರಳೆಂಬುದಿಲ್ಲ, ಕಲ್ಲು ಕಾದು ಹೆಂಚಾಗಿರುತ್ತದೆ. ಆದ್ದರಿಂದ ಹಿಂತಿರುಗುವವರನ್ನು ತಾಯಪ್ಪ ಗುಡಿಯ ಕಟ್ಟೆಯ ನೆರಳಲ್ಲಿ ಕೂರಿಸಿ, ಈಚೆಯಿಂದ ಗಾಡಿಯ ಹಾರನ್ ಕೇಳಿದ ಮೇಲೆಯೇ ದೋಣಿ ಬಿಡುತ್ತಿದ್ದ. ಯಾವ ಗಾಡಿಯ ಕೂಗು ಯಾವುದೆಂದು ಗಡ್ಡೆಯವರಿಗೆಲ್ಲ ಗೊತ್ತು. ಬುಚ್ಚಮ್ಮನ ಜೀಪಿಗಂತೂ ಗುಜರಿಯಿಂದ ತಂದ ಲಾರಿ ಹಾರನ್. ಅದು ಕೂಗಿದರೆ ಹೊಳೆಯ ಕೊಕ್ಕರೆಗಳೆಲ್ಲ ಒಮ್ಮೆಲೇ ಮೇಲೇಳುತ್ತಿದ್ದವು. ಫೋನು ಮಾಡೋಣವೆಂದರೆ ತಾಯಪ್ಪ ಎರಡು ಫೋನನ್ನು ಕೃಷ್ಣೆಗೆ ಅರ್ಪಿಸಿದ ಮೇಲೆ ಮೂರನೆಯದನ್ನು ಕೊಂಡಿರಲಿಲ್ಲ.

ಇನ್ನೊಂದು ಮಾತು. ಇಷ್ಟು ವರ್ಷ ಘಾಟಿಗೆ ಬಂದರೂ ಬುಚ್ಚಮ್ಮ ಒಮ್ಮೆಯೂ ದೋಣಿ ಹತ್ತಿದವಳಲ್ಲ. ರಸ್ತೆಯಲ್ಲಿ ಲಾರಿಗಳಿಗೇ ದಾರಿ ಬಿಡದ ಹೆಂಗಸಿಗೆ ನೀರು ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ದರ್ಶನಕ್ಕೆ ಬಾ ಎಂದು ಯಾರಾದರೂ ಕರೆದರೆ, "ದತ್ತಗ ನನ್ನ ನೋಡಬೇಕು ಅನಿಸಿದ್ರ ಆತನ ಈ ದಂಡಿಗೆ ಬರಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ಒಂದೇ ವಾರದಲ್ಲಿ ಎರಡು ಸಂಭ್ರಮ ಬಂದವು. ಬುಚ್ಚಮ್ಮ ಜೀಪು ಮಾರಿ ಹೊಸ ಕಾರು ತಂದಳು. ಅದೇ ವಾರ ತಾಯಪ್ಪನ ಒಬ್ಬಳೇ ಮಗಳು ಸ್ರವಂತಿಗೆ ಕೆಲಸ ಸಿಕ್ಕಿತು. ಎಲ್ಲಿ ಅಂತೀರಿ? ಮುಂಬೈ ಬಂದರಿನಿಂದ ಹೊರಡುವ ಕ್ರೂಸ್ ಹಡಗಿನಲ್ಲಿ! ರಾಯಚೂರಿನಲ್ಲಿ ಹೋಟೆಲಿನ ಕೋರ್ಸು ಓದಿದ ಹುಡುಗಿ. ಅಂಬಿಗನ ಮಗಳು ಊರಿನಷ್ಟು ದೊಡ್ಡ ಹಡಗು ಹತ್ತುತ್ತಾಳೆಂದು ಗಡ್ಡೆಗೆ ಗಡ್ಡೆಯೇ ಕುಣಿಯಿತು. ಕುಣಿಯದವನು ತಾಯಪ್ಪ ಒಬ್ಬನೇ. ಹೆಂಡತಿ ತೀರಿಕೊಂಡಾಗ ಅಂಬೆಗಾಲಿಡುತ್ತಿದ್ದ ಮಗುವನ್ನು ದೋಣಿಯಲ್ಲೇ ಮಲಗಿಸಿಕೊಂಡು ಬೆಳೆಸಿದವನು ಅವನು. ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ.

ಹೊರಡುವ ದಿನ ಸ್ರವಂತಿ ಮಧ್ಯಾಹ್ನದ ವಿಮಾನ ಹಿಡಿದು ಸಂಜೆಯೊಳಗೆ ಮುಂಬೈ ಬಂದರು ಮುಟ್ಟಬೇಕಿತ್ತು. ಆ ಹೊತ್ತಿಗೆ ಹಡಗಿನಲ್ಲಿರದಿದ್ದರೆ ಅವಳ ಜಾಗ ಇನ್ನೊಬ್ಬರಿಗೆ ಹೋಗುತ್ತಿತ್ತು. "ಬಾಡಿಗಿ ಮಾತು ಎತ್ತಬ್ಯಾಡ. ನನ್ನ ಹೊಸ ಗಾಡಿ ಮೊದಲು ಮುಟ್ಟಸಾದು ನಿನ್ನ" ಎಂದು ಬುಚ್ಚಮ್ಮ ಸ್ರವಂತಿಗೆ ಮಾತು ಕೊಟ್ಟಿದ್ದಳು.

ಆ ಬೆಳಿಗ್ಗೆ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಕನ್ನಡಿಗೆ ಹೂ ಕಟ್ಟಿ, ಹಬ್ಬಕ್ಕೆ ಹೊರಟವಳಂತೆ ಘಾಟಿಗೆ ಬಂದಳು. ಗತ್ತಿನಿಂದ ಹಾರನ್ ಒತ್ತಿದಳು.

"ಪೀಂ" ಎಂದಿತು ಕಾರು.

ಬುಚ್ಚಮ್ಮ ಮತ್ತೊಮ್ಮೆ ಒತ್ತಿದಳು. ಮೇಕೆಮರಿ ಸೀನಿದಷ್ಟೇ ಸದ್ದು. ಕೊಕ್ಕರೆಯೊಂದು ಕತ್ತು ತಿರುಗಿಸಿ ನೋಡಿ, ಮತ್ತೆ ಮೀನಿನತ್ತ ಗಮನ ಕೊಟ್ಟಿತು. ಆಗ ಆಕೆಗೆ ಹೊಳೆಯಿತು. ಆ ಹಳೇ ಹಾರನ್ ಜೀಪಿನ ಜೊತೆಗೇ ಹೋಗಿತ್ತು! ಹೊಸ ಸೀಟು ಒರೆಸುವ ಖುಷಿಯಲ್ಲಿ ಅದನ್ನು ಬಿಚ್ಚಿಕೊಳ್ಳುವುದು ನೆನಪೇ ಆಗಿರಲಿಲ್ಲ. ಬುಚ್ಚಮ್ಮ ಬಂದಳೆಂದು ತಾಯಪ್ಪನಿಗೆ ತಿಳಿಯುವುದು ಹೇಗೆ?

ಸ್ರವಂತಿಯ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಗಡ್ಡೆಯಲ್ಲಿ ಹಿಂದಿನ ದಿನದಿಂದ ಕರೆಂಟಿಲ್ಲ. ಟಿಕೆಟ್ಟು ಫೋನಿನಲ್ಲೇ ಇರುವುದರಿಂದ ಹುಡುಗಿ ಚಾರ್ಜು ಉಳಿಸಲು ಆರಿಸಿಟ್ಟಿದ್ದಳು. ಬುಚ್ಚಮ್ಮ ಹೆಡ್‌ಲೈಟು ಹಾಕಿ ಆರಿಸಿ, ಮತ್ತೆ ಹಾಕಿ ಉರಿಯಲು ಬಿಟ್ಟಳು. ಸೆರಗು ಬೀಸಿದಳು. ಗಂಟಲು ಹರಿಯುವಂತೆ "ತಾಯಪ್ಪೋ" ಎಂದು ಕೂಗಿದಳು. ಗಾಳಿ ಆ ಕೂಗನ್ನು ಎತ್ತಿ ಹಿಂದಿನ ಹೊಲಕ್ಕೆ ಎಸೆದಂತೆನಿಸಿತು. ಸೇತುವೆ ಸುತ್ತಿ ರಾಯಚೂರಿನ ಕಡೆಯಿಂದ ಹೋಗೋಣವೆಂದರೆ ಗಡಿಯಲ್ಲಿ ಪರ್ಮಿಟ್ಟಿನ ರಗಳೆ, ಮೇಲಾಗಿ ಆ ಕಡೆಯಿಂದಲೂ ಗಡ್ಡೆಗೆ ನೀರೇ.

ಘಾಟಿನಲ್ಲಿ ಇದ್ದವನು ಒಬ್ಬನೇ, ಬಲೆ ಹೊಲಿಯುತ್ತಿದ್ದ ಮಲ್ಲೇಶ. ಅವನ ಹರಿಗೋಲು ದಡದಲ್ಲಿ ಬೋರಲು ಬಿದ್ದಿತ್ತು.

"ಮಲ್ಲೇಶ, ಓಡು, ಆ ಹುಡುಗೀನ ಕರಕೊಂಡು ಬಾರೋ!"

"ನಾ ಹೋಗಿ ಹೇಳಿದ್ರ ತಾಯಪ್ಪ ಕೇಳ್ತಾನೇನಕ್ಕ? ಮಗಳನ್ನ ಬ್ಯಾರೆದೋರ ಹರಿಗೋಲ್ದಾಗ ಕುಂಡ್ರಸೋ ಮನುಷ್ಯಾನ ಅಲ್ಲ ಅವ. ಬಂದೀನಿ ಅಂತ ನೀನ ಹೇಳಬೇಕು. ಬರ್ತಿ ಅಂದ್ರ ಬಾ."

ಬುಚ್ಚಮ್ಮ ಹೊಳೆ ನೋಡಿದಳು. ಹರಿಗೋಲು ನೋಡಿದಳು. ಸೀರೆ ತುಂಬುವ ಬುಟ್ಟಿಯೂ ಅದಕ್ಕಿಂತ ಗಟ್ಟಿಯಾಗಿರುತ್ತದೆ. ಆದರೆ ಆಕಾಶದಲ್ಲಿ ಸೂರ್ಯ ಯಾರನ್ನೂ ಕಾಯದೆ ಮೇಲೇರುತ್ತಿದ್ದ. "ನಾ ಮುಳುಗಿದ್ರ ಕಾರು ನಮ್ಮ ಮನಿಯವರಿಗೆ ಮುಟ್ಟಸು" ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಬಿಟ್ಟಳು.

ಹರಿಗೋಲು ನೆಟ್ಟಗೆ ಹೋಗುವ ವಾಹನವಲ್ಲ. ಅದು ತಿರುಗಿತು, ವಾಲಿತು, ಮತ್ತೆ ತಿರುಗಿತು. ಬುಚ್ಚಮ್ಮ ಕಣ್ಣು ಮುಚ್ಚಿ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಹೆಸರು ಹಿಡಿದು ಕರೆದಳು, ನಡುನಡುವೆ ಮಲ್ಲೇಶನನ್ನು ಬೈದಳು. "ಎದಕ ಹಿಂಗ ತಿರುಗಸಾಕತ್ತಿ? ಸ್ಟೇರಿಂಗ್ ಇಲ್ಲೇನು ಇದಕ್ಕ?" ಮಲ್ಲೇಶ ಹುಟ್ಟು ಹಾಕುತ್ತಲೇ ನಕ್ಕ. "ಕಣ್ಣು ತೆಗಿಯಕ್ಕ. ನಡು ಹೊಳ್ಯಾಗ ಬಂದೀವಿ. ಈಗ ನೀ ಕರ್ನಾಟಕದಾಗ ಅದೀ."

ಒಂದು ಕಣ್ಣು ತೆಗೆದಳು. ಆಮೇಲೆ ಇನ್ನೊಂದು. ಸುತ್ತಲೂ ನೀರು, ನೀರಿನ ತುಂಬ ಬಿಸಿಲು, ದಡದಲ್ಲಿ ಅವಳ ಕಾರು ಬೆಲ್ಲದ ಅಚ್ಚಿನಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಆಕೆ ಸತ್ತಿರಲಿಲ್ಲ! ಗಂಟಲಿನಿಂದ ತಾನಾಗಿಯೇ ನಗು ಉಕ್ಕಿ ಬಂತು. "ಇಷ್ಟಕ್ಕ ನಾ ಇಷ್ಟು ವರ್ಷ ಹೆದರಿದ್ನಾ? ಅರೆ, ಜೋರ ಹಾಕು ಮಲ್ಲೇಶ, ಜೋರ!"

ಗಡ್ಡೆಯ ದಡದಲ್ಲಿ ತಾಯಪ್ಪ ತನ್ನ ದೋಣಿಯ ಪಕ್ಕದ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಮೇಲೆ ಗುಡಿಯ ಕಟ್ಟೆಯಲ್ಲಿ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಸ್ರವಂತಿ. ಬುಚ್ಚಮ್ಮ ಮಂಡಿಯುದ್ದ ನೀರಿಗೆ ಧುಮುಕಿ, "ನನ್ನ ಗಾಡಿ ಬಂದು ಎಷ್ಟೊತ್ತಾತು ತಾಯಪ್ಪ! ಏನು ಮಾಡಾಕತ್ತೀದಿ?" ಎಂದು ಕಿರುಚಿದಳು.

"ಹಾರನ್ ಕೇಳಲಿಲ್ಲ ನನಗ" ಎಂದ ತಾಯಪ್ಪ.

ಬುಚ್ಚಮ್ಮ ಅವನು ನೋಡುತ್ತಿದ್ದ ಕಡೆಗೆ ತಿರುಗಿದಳು. ಆ ಬಂಡೆಯಿಂದ ನೆಟ್ಟಗೆ, ಕಣ್ಣಿಗೆ ಹೊಡೆದಂತೆ, ಬಿಳಿ ಕಾರು ಕಾಣುತ್ತಿತ್ತು. ಅದರ ಹೆಡ್‌ಲೈಟು ಇನ್ನೂ ಉರಿಯುತ್ತಿತ್ತು. ಆಚೆ ಘಾಟಿಗೆ ಒಂದು ನಾಯಿ ಬಂದರೂ ಗುರುತಿಸುವ ಕಣ್ಣು ಅವನದು. ಆಕೆಗೆ ಮೈಯೆಲ್ಲ ಉರಿದು ಹೋಯಿತು. ಎಲ್ಲ ಬಿಚ್ಚಿ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅವನ ಮುಖ ನೋಡಿದಳು, ಬಾಯಿ ಮುಚ್ಚಿದಳು. ಆಮೇಲೆ ಕಟ್ಟೆಗೆ ಕೇಳುವಂತೆ ಗಟ್ಟಿಯಾಗಿ, "ಹೆಂಗ ಕೇಳತೈತಿ? ನಂದ ತಪ್ಪು. ಹೊಸ ಗಾಡೀದು ದರಿದ್ರ ಹಾರನ್!" ಎಂದಳು. ಅವನ ಹತ್ತಿರ ಬಗ್ಗಿ ಮೆಲ್ಲಗೆ, "ಏಳು ತಾಯಪ್ಪ. ಆಕಿ ನಿನ್ನ ಮಗಳು. ಏಳು" ಎಂದಳು.

ತಾಯಪ್ಪ ಎದ್ದು ದೋಣಿಯ ಹಗ್ಗ ಬಿಚ್ಚಿದ. ಅವನ ಕೈ ಹಗ್ಗಕ್ಕೆ ಹೋಗುವವರೆಗೂ ಕಟ್ಟೆಯ ಮೇಲೆ ಅಲ್ಲಾಡದೆ ಕೂತಿದ್ದ ಸ್ರವಂತಿ ಆಗ ಪೆಟ್ಟಿಗೆ ಎತ್ತಿಕೊಂಡು ಓಡಿಬಂದಳು.

ಮುಂದಿನದನ್ನು ಬುಚ್ಚಮ್ಮ ಇವತ್ತಿಗೂ ಕೈ ಬಾಯಿ ಎರಡೂ ಆಡಿಸಿ ಹೇಳುತ್ತಾಳೆ. ದೋಣಿ ಈಚೆ ದಡಕ್ಕೆ ತಾಗಿತು. ಪೆಟ್ಟಿಗೆ ಡಿಕ್ಕಿಗೆ ಬಿತ್ತು. ಸ್ರವಂತಿ ಹತ್ತಿದಳು. ಯಾರೂ ಕರೆಯದೆ, ಕಾಲಿಗೆ ಚಪ್ಪಲಿಯಿಲ್ಲದೆ, ಒದ್ದೆ ಧೋತರದಲ್ಲೇ ತಾಯಪ್ಪನೂ ಹತ್ತಿದ. ಹೊಸ ಸೀಟು ಒದ್ದೆಯಾದದ್ದನ್ನು ಕಂಡೂ ಬುಚ್ಚಮ್ಮ ಕಾಣದಂತೆ ಕಾರು ಹಾರಿಸಿದಳು. ಮಕ್ತಲದ ಸಂತೆಯ ಆಟೋಗಳ ನಡುವೆ ಮಗ್ಗದ ಲಾಳಿಯಂತೆ ನುಸುಳಿದಳು. ಮರಿಕಲ್ ಹತ್ತಿರ ಕುರಿಮಂದೆ ಅಡ್ಡ ಬಂತು. "ಪೀಂ" ಎಂದರೆ ಕುರಿ ಕೇಳುತ್ತವೆಯೇ? ತಾಯಪ್ಪ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಹೊಳೆಯ ಈ ದಡದಿಂದ ಆ ದಡಕ್ಕೆ ಕೂಗುವ ಅಂಬಿಗರ ಕೂಗು ಹಾಕಿದ. ಮಂದೆ ಎರಡು ಪಾಲಾಗಿ ದಾರಿ ಬಿಟ್ಟಿತು. ಸ್ರವಂತಿ ಚಪ್ಪಾಳೆ ತಟ್ಟಿದಳು. ಮಹಬೂಬನಗರ ಹಿಂದೆ ಬಿತ್ತು, ಜಡಚರ್ಲ ಹಿಂದೆ ಬಿತ್ತು, ದೊಡ್ಡ ರಸ್ತೆ ಸಿಕ್ಕಿತು. ಬುಚ್ಚಮ್ಮ ಕಾಲು ಎತ್ತಲೇ ಇಲ್ಲ. ಶಾದನಗರ ದಾಟುತ್ತಿದ್ದಂತೆ ತಲೆಯ ಮೇಲೊಂದು ವಿಮಾನ ಇಳಿಯುತ್ತಾ ಹೋಯಿತು. ತಾಯಪ್ಪ ಗಾಬರಿಯಾಗಿ, "ಅದು ನಮ್ಮದಲ್ಲ ಹೌದಿಲ್ಲೋ?" ಎಂದ. "ಅದು ಬರಾದು, ನಮ್ಮದು ಹೋಗಾದು" ಎಂದು ಇಬ್ಬರೂ ಹೆಂಗಸರು ಒಟ್ಟಿಗೆ ಅರಚಿದರು.

ಮುಟ್ಟಿದರು. ಹೊತ್ತಿಗೆ ಸರಿಯಾಗಿ ಮುಟ್ಟಿದರು! ಬುಚ್ಚಮ್ಮನಿಗೆ ಕಾರಿನ ಬಾನೆಟ್ಟಿಗೆ ಮುತ್ತು ಕೊಡಬೇಕೆನಿಸಿತು.

ಗಾಜಿನ ಬಾಗಿಲ ಆಚೆಗೆ ಟಿಕೆಟ್ಟಿದ್ದವರಿಗೆ ಮಾತ್ರ ಪ್ರವೇಶ. ಸ್ರವಂತಿ ಅಪ್ಪನ ಕಾಲು ಮುಟ್ಟಿ ಎದ್ದಳು. ತಾಯಪ್ಪ ಅವಳ ಕೈ ಬಿಡಲಿಲ್ಲ. ನೆಲ ನೋಡುತ್ತಾ, "ಸುಳ್ಳು ಹೇಳಿದ್ನವ್ವಾ. ನನಗ ಕೇಳಿತ್ತು. ಮೊದಲನೇ ಸಲಾನ ಕೇಳಿತ್ತು" ಎಂದ.

ಸ್ರವಂತಿ ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ನನಗೂ ಕೇಳಿತ್ತಪ್ಪ."

"ಮತ್ತ ಯಾಕ ಸುಮ್ಮನ ಕುಂತಿದ್ದಿ?"

"ನೀ ಎದ್ದರ ಹೋಗಾದು, ಇಲ್ಲಾಂದ್ರ ಇಲ್ಲ ಅಂತ ಕುಂತಿದ್ದೆ."

ಬುಚ್ಚಮ್ಮ ಇಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದಳು. "ಇಬ್ಬರಿಗೂ ಕೇಳಿತ್ತಾ? ಹಂಗಾದ್ರ ನಾ ಯಾಕ ಆ ಹರಿಗೋಲ್ದಾಗ ಕುಂತು ಜೀವ ಕೈಯಾಗ ಹಿಡಕೊಂಡು ಬಂದೆ? ಹಾಳಾಗಿ ಹೋಗ್ರಿ ಅಪ್ಪ ಮಗಳು!" ಎಂದು ಬೈಯಲು ಹೊರಟವಳ ದನಿ ಅರ್ಧಕ್ಕೇ ಒಡೆಯಿತು. ಸ್ರವಂತಿ ಅಳುತ್ತಲೇ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಪೊಲೀಸು ಬೇಗ ಬೇಗ ಎಂದು ಕೈ ಬೀಸಿದ.

ಹುಡುಗಿ ಇನ್ನೂ ಹೆಜ್ಜೆ ಎತ್ತಿರಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನ ಬಾಯಿಂದ ಆ ಒಂದು ಮಾತು ಬರುವುದನ್ನೇ ಕಾಯುತ್ತಿದ್ದಾಳೆಂದು ಬುಚ್ಚಮ್ಮನಿಗೆ ಅರ್ಥವಾಯಿತು. ತಾಯಪ್ಪನಿಗೂ ಅರ್ಥವಾಯಿತು. ಅವನು ಕೈ ಬಿಟ್ಟ. ದೋಣಿಯನ್ನು ದಡದಿಂದ ನೂಕುವಾಗ ಮಾಡುವಂತೆ ಅಂಗೈಯನ್ನು ಮಗಳ ಬೆನ್ನಿಗೆ ಅಗಲವಾಗಿ ಇಟ್ಟು, ಮೆಲ್ಲಗೆ ಮುಂದಕ್ಕೆ ತಳ್ಳಿದ.

"ಹೋಗವ್ವ" ಎಂದ.