ಯಂಕೋಬ ಬಿಟ್ಟ ಖಾಲಿ ಜಾಗ

ಮಸ್ಕಿಯಲ್ಲಿ ಯಂಕೋಬನ ಮುಖ ನೋಡದವರು ಸಿಕ್ಕಾರು, ದನಿ ಕೇಳದವರು ಸಿಗಲಾರರು. ಇಪ್ಪತ್ತೆರಡು ವರ್ಷದಿಂದ ಆಟೋದ ನೆತ್ತಿಗೆ ಎರಡು ಹಾರ್ನ್ ಕಟ್ಟಿಕೊಂಡು ಓಣಿ ಓಣಿ ಸುತ್ತಿದವನು ಅವನು. ಸೀರೆ ರಿಯಾಯ್ತಿ, ಕಣ್ಣಿನ ತಪಾಸಣೆ, ಎರಡು ದಿನ ನಲ್ಲಿ ಬರುವುದಿಲ್ಲವೆಂಬ ಪುರಸಭೆಯ ಎಚ್ಚರಿಕೆ, ಸಂತೆಕಲ್ಲೂರಿನಿಂದ ಹಗ್ಗ ಕಿತ್ತುಕೊಂಡು ಬಂದ ಎಮ್ಮೆ, ಎಲ್ಲವೂ ಅವನ ಬಾಯಿಂದಲೇ ಹೊರಡಬೇಕು. ಪುಕ್ಕಟೆ ಬಕೆಟ್ಟನ್ನೂ ಪಟ್ಟಾಭಿಷೇಕದ ಹಾಗೆ ಸಾರುತ್ತಿದ್ದ. ಅದು ಹೊಟ್ಟೆಪಾಡು. ಹೊಟ್ಟೆಪಾಡಿನ ಮಾತು ಎಂದು ಊರಿಗೂ ಗೊತ್ತಿತ್ತು, ಅರ್ಧ ನಂಬಿ ಅರ್ಧ ಬಿಡುತ್ತಿತ್ತು.

ಸಾವಿನ ಕೂಗು ಮಾತ್ರ ಬೇರೆ. ಅದಕ್ಕೆ ಅವನು ಒಂದು ಪೈಸೆ ಮುಟ್ಟುತ್ತಿರಲಿಲ್ಲ, ಯಾರ ಮನೆಯ ಸಾವಾದರೂ ಸರಿ. ಹಾಡು ಬಂದ್, ಎಂಜಿನ್ ಬಂದ್. ಓಣಿಯ ಬಾಯಲ್ಲಿ ಆಟೋ ನಿಲ್ಲಿಸಿ, ಚಪ್ಪಲಿ ಬಿಟ್ಟು, ನೆಲದ ಮೇಲೆ ನಿಂತು ಕೂಗಬೇಕು. ಓಡುವ ಗಾಡಿಯಿಂದ ಸಾವು ಸಾರಬಾರದು ಅನ್ನುವುದು ಅವನೇ ಮಾಡಿಕೊಂಡ ಕಾಯಿದೆ. "ಕೇಳ್ರೆಪ್ಪೋ... ಕೇಳ್ರೆವ್ವೋ..." ಎಂದು ತಗ್ಗಿದ ದನಿ ಎದ್ದರೆ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು, ಬಾಗಿಲು ತೆರೆಯುತ್ತಿದ್ದವು, ಅಂಗಡಿಯವರು ಅರ್ಧ ಶಟರ್ ಎಳೆಯುತ್ತಿದ್ದರು. ಸತ್ತವರು ಯಾರ ಮಗ, ಯಾರ ಸೊಸೆ, ಮಣ್ಣು ಎಷ್ಟು ಗಂಟೆಗೆ, ಎಲ್ಲ ಕೇಳಿಕೊಂಡು ಜನ ಹೊರಡುತ್ತಿದ್ದರು. ಆ ದನಿಗೆ ಎದ್ದು ಬರುವ ಜನವೇ ಯಂಕೋಬನ ಆಸ್ತಿ.

ಎಲ್ಲರಿಗಿಂತ ಮೊದಲು ಹೊರಡುತ್ತಿದ್ದವಳು ಅವನ ತಾಯಿ ಮುದುಕಮ್ಮ. ಕಾಲಿನಲ್ಲಿ ಕಸುವಿರುವ ತನಕ ಬಳಗಾನೂರಿನ ಕಡೆ ನೆಲ್ಲು ನಾಟಿಗೆ ಹೋಗಿ ಮಗನನ್ನು ಸಾಕಿದವಳು. ಮಗನ ಕೂಗು ಕಿವಿಗೆ ಬಿದ್ದರೆ ಸೆರಗು ಹೊದ್ದು ಎದ್ದುಬಿಡುತ್ತಿದ್ದಳು. ಗುರುತಿಲ್ಲದವರ ಮನೆಗೂ ಯಾಕೆ ಹೋಗ್ತಿ ಎಂದರೆ, "ಸತ್ತವರ ಮನಿಗಿ ಕರಿಲಿ ಅಂತ ಕುಂದರ್ತಾರೇನಲೇ? ಕೇಳಿದ ಮ್ಯಾಲ ಹೋಗಬೇಕು" ಎಂದು ಗದರುತ್ತಿದ್ದಳು.

ಹೀಗಿರುವಾಗ ಸಿಂಧನೂರಿನಲ್ಲಿ ಒಂದು ಮೂರಂತಸ್ತಿನ ಗಾಜಿನ ಅಂಗಡಿ ಎದ್ದಿತು. ಟಿವಿ, ಫ್ರಿಜ್ಜು, ವಾಷಿಂಗ್ ಮಷಿನ್ನು. ಲಿಂಗಸುಗೂರಿನಲ್ಲಿ ಒಂದು ಮರಿ, ಮಸ್ಕಿಯಲ್ಲಿ ಇನ್ನೊಂದು ಮರಿ. ಕಂಪನಿಯ ಹೆಸರು ಇಲ್ಲಿ ಬೇಡ. ಅಷ್ಟು ಮರ್ಯಾದೆ ಅದಕ್ಕೆ ನಾವು ಯಾಕೆ ಕೊಡಬೇಕು? ಪ್ರಚಾರದ ಗುತ್ತಿಗೆ ಹಿಡಿದವನು ಹೈದರಾಬಾದಿನಿಂದ ಬಂದ ಒಬ್ಬ ಸಾಹೇಬ. ಕಿವಿಗೊಂದು ಬಿರಡೆ, ಕಾಲಿಗೆ ಬಿಳಿ ಬೂಟು, ಬಾಯಿ ತೆರೆದರೆ ಅರ್ಧ ತೆಲುಗು, ಅರ್ಧ ಇಂಗ್ಲಿಷು. ಸಿಂಧನೂರಿನ ಹೋಟೆಲಿನ ಎಸಿ ಹಾಲಿನಲ್ಲಿ ಸಭೆ ಕರೆದು ಸುತ್ತಲಿನ ಮೈಕ್ ಆಟೋದವರನ್ನೆಲ್ಲ ಕೂಡಿಸಿದ. ಗೋಡೆಯ ಮೇಲೆ ಚಿತ್ರ ಬಿತ್ತು: ರುಮಾಲು ಸುತ್ತಿ, ಎತ್ತು ಹಿಡಿದು, ಹಲ್ಲು ಕಿರಿಯುತ್ತಿರುವ ಒಬ್ಬ. "ಇವರೇ ನಮ್ಮ ಗ್ರಾಹಕರು ಅಂಡಿ" ಎಂದ ಸಾಹೇಬ. ಮಷಿನ್ನಿನಲ್ಲಿ ಭತ್ತ ಕೊಯ್ದು ಬುಲೆಟ್ಟಿನ ಮೇಲೆ ಬ್ಯಾಂಕಿಗೆ ಹೋಗುವ ಸಿಂಧನೂರಿನವರನ್ನು ಈ ಮಹಾಶಯ ಕಾರಿನ ಕಿಟಕಿಯಿಂದಲೂ ನೋಡಿರಲಿಲ್ಲವೆಂದು ಕಾಣುತ್ತದೆ. ಯಂಕೋಬನ ಪಕ್ಕ ಕೂತಿದ್ದ ಲಿಂಗಸುಗೂರಿನ ಆಟೋದ ಗ್ಯಾನಪ್ಪ, "ಆ ಎತ್ತಿಗೂ ಒಂದು ಫ್ರಿಜ್ ಮಾರ್ತಾನೇನಪಾ ಇಂವ" ಎಂದು ಪಿಸುಗುಟ್ಟಿದ.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಸಾಹೇಬನ ಕಡೆಯ ಹುಡುಗಿಯರು ಒಂದು ತಿಂಗಳು ಮೊದಲೇ ಮನೆಮನೆ ತಿರುಗಿ ಕೇಳಿದ್ದರು: ಮೈಕಿನಲ್ಲಿ ಏನು ಕೂಗಿದರೆ ನೀವು ಬಾಗಿಲಿಗೆ ಬರ್ತೀರಿ? ನೂರರಲ್ಲಿ ತೊಂಬತ್ತು ಮಂದಿ ಸಾವಿನ ಸುದ್ದಿ ಅಂದಿದ್ದರು. ಮನುಷ್ಯನಾದವನಿಗೆ ಆ ಉತ್ತರ ಕೇಳಿ ಈ ಊರಿನ ಮೇಲೆ ಗೌರವ ಹುಟ್ಟಬೇಕು. ಇವನಿಗೆ ಐಡಿಯಾ ಹುಟ್ಟಿತು.

ಸಭೆ ಮುಗಿದ ಮೇಲೆ ಯಂಕೋಬನನ್ನು ಒಬ್ಬನನ್ನೇ ಉಳಿಸಿಕೊಂಡು ಕಾಫಿ ತರಿಸಿದ. "ನಿಮ್ಮಂಥ ದನಿ ನಾನು ಎಲ್ಲೂ ಕೇಳಿಲ್ಲ. ಇದು ಕಲೆ. ಇದನ್ನು ಕಾಪಾಡಬೇಕು. ಆ ಸಾವಿನ ಕೂಗು ಒಂದು ಸಲ ರೆಕಾರ್ಡ್ ಮಾಡೋಣ, ಸುಮ್ಮನೆ ನಮ್ಮ ಸಂಗ್ರಹಕ್ಕೆ" ಎಂದ.

"ಯಾರೂ ಸಾಯಲಾರದ ಅದನ್ನ ಕೂಗಬಾರದ್ರಿ" ಎಂದ ಯಂಕೋಬ.

"ಹೆಸರು ಹೇಳಬೇಡಿ. ಹೆಸರಿನ ಜಾಗ ಖಾಲಿ ಬಿಡಿ."

ಇಪ್ಪತ್ತೆರಡು ವರ್ಷದಲ್ಲಿ ಯಂಕೋಬನ ದನಿಯನ್ನು ಎದುರಿಗೆ ಕೂತು ಹೊಗಳಿದವರೇ ಇರಲಿಲ್ಲ. ಕರಗಿದ. ಬದುಕಿದವರ ಹೆಸರು ಬಾಯಿಗೆ ಬರದಂತೆ ಎಚ್ಚರ ವಹಿಸಿ, ಚಪ್ಪಲಿ ಬಿಟ್ಟು ನಿಂತು ಕೂಗಿದ: "ಕೇಳ್ರೆಪ್ಪೋ... ಕೇಳ್ರೆವ್ವೋ... ನಮ್ಮೆಲ್ಲರ ಪ್ರೀತಿಯ..." ಅಲ್ಲಿ ಉಸಿರು ಹಿಡಿದು ಒಂದು ಹೆಸರಿನಷ್ಟು ಹೊತ್ತು ಸುಮ್ಮನಾದ. "...ಇಂದು ನಮ್ಮನ್ನಗಲಿದ್ದಾರ." ಆಮೇಲೆ ಒಂದು ಕಾಗದಕ್ಕೆ ಸಹಿ ಹಾಕಿ ಬಸ್ಸು ಹತ್ತಿದ. ದೇವರಿಗೆ ಹೆದರಿ ಬಿಟ್ಟ ಆ ಜಾಗವೇ ಕಳ್ಳನಿಗೆ ಬೇಕಾಗಿದ್ದ ಕಿಂಡಿ ಎಂದು ಅವನಿಗೆ ಹೊಳೆಯಲಿಲ್ಲ.

ದೀಪಾವಳಿಗೆ ಹದಿನೈದು ದಿನವಿರುವಾಗ ಮೂರೂ ಊರಿನಲ್ಲಿ ಕಂಪನಿಯ ಆಟೋಗಳು ಇಳಿದವು. ಬಜಾರಿನಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದ ಯಂಕೋಬನ ಕಿವಿಗೆ ಅವನದೇ ದನಿ ಬಿತ್ತು, ಅದೂ ಓಡುವ ಗಾಡಿಯಿಂದ. "ನಮ್ಮೆಲ್ಲರ ಪ್ರೀತಿಯ" ಎಂದಿತು ಅವನ ದನಿ. "ಹಳೇ ಫ್ರಿಜ್!" ಎಂದು ಒಬ್ಬ ಹುಡುಗಿ ಕಿಲಕಿಲ ನಕ್ಕಳು. "ಇಂದು ನಮ್ಮನ್ನಗಲಿದ್ದಾರ" ಎಂದಿತು ಅವನ ದನಿ. ಹಿಂದೆಯೇ ಡೋಲು, ಹಾಡು, ಹಳೆಯದು ಕೊಟ್ಟು ಹೊಸದು ಒಯ್ಯಿರಿ. ಬಾಗಿಲಿಗೆ ಬಂದಿದ್ದ ಒಬ್ಬ ಮುದುಕಿ ಆಟೋಗೆ ಥೂ ಎಂದು ಉಗಿದು ಒಳಗೆ ಹೋದಳು. ಯಂಕೋಬನಿಗೆ ಉಗುಳು ತನ್ನ ಮುಖಕ್ಕೇ ಬಿದ್ದಂತಾಯಿತು.

ಹೆಂಡತಿ ಸುಕನ್ಯಾ ಅಂಗನವಾಡಿ ಶಿಕ್ಷಕಿ, ನಾಲಿಗೆ ಚೂಪು. "ಯಾರರ ಹೊಗಳಿದ್ರ ಮನಿ ಬರಕೊಡಂವ ನೀ. ದನಿ ಕೊಟ್ಟಿದ್ದಿ, ಈಗ ಮಾನಾನೂ ಕೊಟ್ಟಿ" ಎಂದಳು. ಅವನು ಸಿಂಧನೂರಿಗೆ ಓಡಿ ಅಂಗಡಿಯ ಮ್ಯಾನೇಜರನ ಮುಂದೆ ಕೈಮುಗಿದು ನಿಂತ. ಮ್ಯಾನೇಜರ್ ಸಹಿಯ ಕಾಗದ ತೋರಿಸಿದ. ಕಣ್ಣೆತ್ತಿ ಕೂಡ ನೋಡಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮೊದಲ ಮೂರು ದಿನ ಜನ ಹೊರಬಂದು ಬೈದರು. ಆರನೆಯ ದಿನಕ್ಕೆ ನಕ್ಕರು. ಒಂದು ದಿನ ಫ್ರಿಜ್ ಸತ್ತರೆ ಮರುದಿನ ಮಿಕ್ಸಿ, ಅದರ ಮರುದಿನ ಟಿವಿ. ಹತ್ತನೆಯ ದಿನದ ಹೊತ್ತಿಗೆ "ಕೇಳ್ರೆಪ್ಪೋ" ಅನ್ನುವಷ್ಟರಲ್ಲೇ ಕಿಟಕಿ ಮುಚ್ಚುತ್ತಿದ್ದವು.

ಹದಿಮೂರನೆಯ ದಿನ ಬೆಳಗ್ಗೆ ಮುದುಕಮ್ಮ ಚಹಾ ಬೇಕೆಂದಳು. ಸುಕನ್ಯಾ ಕಪ್ಪು ಹಿಡಿದು ಬರುವಷ್ಟರಲ್ಲಿ ಗೋಡೆಗೆ ಒರಗಿದವಳು ಒರಗಿದ ಹಾಗೆಯೇ ಹೋಗಿಬಿಟ್ಟಿದ್ದಳು.

ನೆಂಟರಿಗೆ ಫೋನು ಹೋಯಿತು. ಊರಿಗೆ ಹೇಳುವುದು ಯಂಕೋಬನ ಕೆಲಸ. ಕಣ್ಣೊರೆಸಿಕೊಂಡು ಆಟೋ ತೆಗೆದ. ಬಜಾರಿನ ಮೂಲೆಯಲ್ಲಿ ಎಂಜಿನ್ ಬಂದ್ ಮಾಡಿ, ಚಪ್ಪಲಿ ಬಿಟ್ಟು, ನೆಲದ ಮೇಲೆ ನಿಂತು ಕೂಗಿದ. "ನಮ್ಮೆಲ್ಲರ ಪ್ರೀತಿಯ ಮುದುಕಮ್ಮ, ಯಂಕೋಬನ ತಾಯಿ..." ದನಿ ಒಡೆಯಿತು. ಮತ್ತೆ ಮೊದಲಿನಿಂದ ಕೂಗಿದ. ಎದುರಿನ ಕಿಟಕಿಯೊಂದು ಪಟ್ಟೆಂದು ಮುಚ್ಚಿತು. ಯಾರೋ ಮಾಳಿಗೆಯಿಂದ, "ಲೇ, ಬಂದ್ ಮಾಡ್ರಲೇ ಸಾಕು!" ಎಂದು ಒದರಿದರು. ಅವನು ಏಳು ಓಣಿ ಕೂಗಿದ. ಏಳರಲ್ಲೂ ಯಾರೊಬ್ಬರೂ ಹೆಸರಿನ ತನಕ ಕಿವಿ ಕೊಡಲಿಲ್ಲ.

ಮಣ್ಣಿಗೆ ಬಂದವರು ಹನ್ನೊಂದು ಮಂದಿ. ನೆರೆಮನೆಯ ಇಸ್ಮಾಯಿಲ್‌ಸಾಬ್ ಹಾಗೂ ಅವರ ಇಬ್ಬರು ಮಕ್ಕಳನ್ನು ಬಿಟ್ಟರೆ ಉಳಿದವರೆಲ್ಲ ನೆಂಟರು. ಹೊರುವವರು ಹೆಗಲು ಬದಲಿಸಲು ಆಳು ಸಾಲದೆ ದಾರಿಯಲ್ಲಿ ಎರಡು ಸಲ ಇಳಿಸಿದರು. ಊರಿನ ಒಂದು ಸಾವನ್ನೂ ತಪ್ಪಿಸದ ಮುದುಕಮ್ಮ! ಯಂಕೋಬ ರಸ್ತೆಯ ಕಡೆ ತಿರುತಿರುಗಿ ನೋಡುತ್ತಿದ್ದ, ಇನ್ನಾರಾದರೂ ಬಂದಾರು ಎಂದು.

ಮರುದಿನ ಬೆಳಗ್ಗೆ ಹೈದರಾಬಾದ್ ಸಾಹೇಬನ ಕಾರು ಅವನ ಮನೆಯ ಮುಂದೆ ನಿಂತಿತು. ಸಂಜೆ ಸುದ್ದಿ ತಿಳಿದ ಗ್ಯಾನಪ್ಪ ಅವನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದಿದ್ದನಂತೆ, ಪೇಪರಿನವರಿಗೆ ಹೇಳ್ತೀನಿ ಎಂದೂ ಹೆದರಿಸಿದ್ದನಂತೆ. ತಪ್ಪು ಮಾಡಿದವನು ತಲೆ ತಗ್ಗಿಸಿ ಬರುತ್ತಾನೆ. ಕಂಪನಿಯವನು ಕ್ಯಾಮೆರಾ ತರುತ್ತಾನೆ. ಇವನು ಚಕ್ಕಡಿ ಗಾಲಿಯಷ್ಟು ದೊಡ್ಡ ಹೂವಿನ ಹಾರ ತಂದಿದ್ದ, ನಡುವೆ ಕಂಪನಿಯ ಚಿಹ್ನೆ. ಹೆಣಕ್ಕೆ ಸಿಂಗಾರ ಮಾಡಿದಂತೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ, ಇವನು ಹೆಣ ಮಣ್ಣಾದ ಮೇಲೂ ಬಂದಿದ್ದ.

"ಚಾಲಾ ಬ್ಯಾಡ್ ಫೀಲ್ ಆಯ್ತು ಅಂಡಿ. ಕಂಪನಿ ನಿಮ್ಮ ಜೊತೆಗಿದೆ. ಅಮ್ಮನಿಗಾಗಿ ಒಂದು ಶ್ರದ್ಧಾಂಜಲಿ ಮಾಡಿಸಿದ್ದೇವೆ, ಮೂರು ಊರಲ್ಲೂ ಹಾಕಿಸ್ತೇವೆ, ಪೂರ್ತಿ ಉಚಿತ" ಎಂದು ಮೊಬೈಲ್ ಒತ್ತಿದ. "ನಮ್ಮೆಲ್ಲರ ಪ್ರೀತಿಯ" ಎಂದಿತು ಯಂಕೋಬನ ದನಿ. "ಮುದುಕಮ್ಮ" ಎಂದಳು ಅದೇ ಹುಡುಗಿ, ಈ ಸಲ ನಗದೆ. ಕೊನೆಗೆ ಕಂಪನಿಯ ಹೆಸರು, ಮೂರೂ ಅಂಗಡಿಯ ವಿಳಾಸ.

ಸುಕನ್ಯಾ ಪೊರಕೆ ಹಿಡಿದು ಹೊರಬಂದಳು. ಯಂಕೋಬ ಅವಳನ್ನು ತಡೆದ. "ಇಲ್ಲಿ ಬ್ಯಾಡ್ರಿ ಸಾಹೇಬ್ರ. ಬಜಾರಕ್ಕ ಬರ್ರಿ. ನಿನ್ನಿ ನಾ ನಿಂತ ಜಾಗಾದಾಗ ಹಚ್ರಿ. ಹೆಂಗ ಪ್ರಚಾರ ಮಾಡೀರಿ ಅಂತ ನೀವೂ ನೋಡ್ರಿ."

ಸಾಹೇಬನಿಗೆ ಖುಷಿಯಾಯಿತು. ಯಂಕೋಬ ಒಲಿದ ಎಂದುಕೊಂಡ ಮೂಢ. ಬಜಾರಿನ ಮೂಲೆಯಲ್ಲಿ ಕಂಪನಿಯ ಆಟೋ ನಿಲ್ಲಿಸಿದ, ಕ್ಯಾಮೆರಾದವನನ್ನು ಬಾಗಿಲುಗಳ ಕಡೆಗೆ ತಿರುಗಿಸಿದ. ಶ್ರದ್ಧಾಂಜಲಿ ಶುರುವಾಯಿತು. ಒಂದು ಸಲ, ಎರಡು ಸಲ, ಮೂರು ಸಲ. ಒಂದೂ ಬಾಗಿಲು ತೆರೆಯಲಿಲ್ಲ. ಉಳ್ಳಾಗಡ್ಡಿ ತೂಗುವವನು ತೂಗುತ್ತಲೇ ಇದ್ದ. ಸಾಹೇಬ ದನಿ ಏರಿಸಲು ಹೇಳಿದ. ಆಗ ಒಂದು ಕಿಟಕಿ ಮುಚ್ಚಿತು.

ಎದುರಿಗೆ ಪಂಪಾಪತಿಯ ಚಹಾದಂಗಡಿ. ಹೋದ ವರ್ಷ ಅವನ ತಂದೆ ತೀರಿಕೊಂಡಾಗ ಯಂಕೋಬ ಮಸ್ಕಿಯಿಂದ ಮುದಗಲ್ಲಿನ ತನಕ ಕೂಗಿದ್ದ, ಜನ ಹಿಡಿಸಲಾರದಷ್ಟು ಬಂದಿದ್ದರು. ಪಂಪಾಪತಿ ಬಗ್ಗಿ ಚಹಾ ಸೋಸುತ್ತ, ತಲೆಯೆತ್ತದೆ, ನಗುತ್ತ ಕೂಗಿದ: "ಏ ಮೈಕ್ ಅಣ್ಣಾ, ಇವತ್ತ ಯಾವ ಮಾಲು ಸತ್ತತೋ?"

ಅರಿವೆ ಹಿಂಡುತ್ತ ಪಂಪಾಪತಿ ತಲೆಯೆತ್ತಿದ. ಆಟೋದ ಪಕ್ಕ ಬರಿಗಾಲಲ್ಲಿ ಯಂಕೋಬ ನಿಂತಿದ್ದ, ತಲೆ ನುಣ್ಣಗೆ ಬೋಳಾಗಿತ್ತು. ಪಂಪಾಪತಿಯ ಕೈಯಿಂದ ಸೋಸುವ ಅರಿವೆ ಜಾರಿ ಬಿತ್ತು.

"ಯಂಕೋಬಣ್ಣಾ... ಯಾರು? ಯಾವಾಗ?"

"ನಮ್ಮವ್ವ. ನಿನ್ನಿ" ಎಂದ ಯಂಕೋಬ. "ಇಲ್ಲೇ ನಿಂತು ಕೂಗಿದ್ನಲ್ಲಪಾ."